ಸೊಳ್ಳೆ ಸತ್ತರೆ ಪರದೆ ಪಾಸಾದಂತಲ್ಲ

ಕೀಟನಾಶಕ ಲೇಪಿಸಿದ ಸೊಳ್ಳೆ ಪರದೆಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಪ್ರಯೋಗಾಲಯದಲ್ಲಿ ಸೊಳ್ಳೆ ಸತ್ತರೆ ಅರ್ಧ ಉತ್ತರ ಸಿಕ್ಕಂತೆ. ಉಳಿದರ್ಧ ಮಗು ಮಲಗುವ ಮನೆಯಲ್ಲಿರುತ್ತದೆ.

ಮೊದಲರ್ಧವೇ ಸಾಕಷ್ಟು ತಾಳ್ಮೆ ಬೇಡುತ್ತದೆ. ಪರದೆಯಿಂದ ಕತ್ತರಿಸಿದ ತುಂಡಿನ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಶಂಕುವನ್ನು ಕೂರಿಸಿ, ಮಲೇರಿಯಾ ಹರಡುವ ಅನಾಫಿಲಿಸ್ ಜಾತಿಯ, ಇನ್ನೂ ರಕ್ತ ಹೀರದ ಐದು ಹೆಣ್ಣು ಸೊಳ್ಳೆಗಳನ್ನು ಕೊಳವೆಯಿಂದ ಒಳಕ್ಕೆ ಊದುತ್ತೇನೆ. ಮೂರು ನಿಮಿಷ ಕಳೆದ ಕೂಡಲೇ ಅವನ್ನು ಲೋಟಕ್ಕೆ ವರ್ಗಾಯಿಸಿ, ಸಕ್ಕರೆ ನೀರಲ್ಲಿ ಅದ್ದಿದ ಹತ್ತಿ ಇಡುತ್ತೇನೆ. 60 ನಿಮಿಷಕ್ಕೆ ಒಮ್ಮೆ, 24 ಗಂಟೆಗೆ ಇನ್ನೊಮ್ಮೆ ಎಣಿಕೆ. ಬಿದ್ದ ಸೊಳ್ಳೆಯೆಲ್ಲ ಸತ್ತ ಸೊಳ್ಳೆಯಲ್ಲ. ಅಂಗಾತ ಬಿದ್ದು ಕಾಲಾಡಿಸುತ್ತಿದ್ದುದು ಮರುದಿನ ಲೋಟದ ಗೋಡೆಯ ಮೇಲೆ ಆರಾಮವಾಗಿ ಕುಳಿತಿರುತ್ತದೆ. ಹಳ್ಳಿಯಿಂದ ತಂದ ಮರಿಗಳಿಂದ ಬೆಳೆಸಿದ ಸೊಳ್ಳೆಗಳಲ್ಲಿ ಇದು ಕಂಡರೆ ನನಗೆ ಆತಂಕ: ಅವು ಪರದೆಗೆ ಲೇಪಿಸುವ ಪೈರಿಥ್ರಾಯ್ಡ್ ಎಂಬ ಕೀಟನಾಶಕಕ್ಕೆ ಒಗ್ಗಿಹೋಗುತ್ತಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ 95% ಸೊಳ್ಳೆಗಳು ಬೀಳಬೇಕು, ಇಲ್ಲವೇ 80% ಸಾಯಬೇಕು. 20 ಬಾರಿ ಒಗೆದ ಪರದೆಯಲ್ಲೂ.

ಮನೆಗಳಿಗೆ ಹೋದಾಗ ಪರದೆಯನ್ನು ಚೌಕಟ್ಟಿಗೆ ಹರಡಿ ತೂತು ಎಣಿಸುತ್ತೇವೆ: ಹೆಬ್ಬೆರಳು ತೂರುವಷ್ಟು, ಮುಷ್ಟಿಯಷ್ಟು, ತಲೆ ಹಿಡಿಸುವಷ್ಟು, ಅದಕ್ಕೂ ದೊಡ್ಡದು. ಹಾಸಿಗೆಯ ಅಂಚಿಗೆ ಸಿಕ್ಕಿಸುವ ಕೆಳಭಾಗವನ್ನು ನಾನು ಹೆಚ್ಚು ಹೊತ್ತು ನೋಡುತ್ತೇನೆ. ಬಿಸಿಲಿಗೆ ಒಣಗಿಸುತ್ತಾರೆಯೇ ಎಂದೂ ಕೇಳಬೇಕು, ಬಿಸಿಲು ಔಷಧವನ್ನು ತಿನ್ನುತ್ತದೆ. ‘ಪರದೆ ಬಳಸುತ್ತೀರಾ?’ ಎಂದರೆ ಎಲ್ಲರೂ ಹೌದೆನ್ನುತ್ತಾರೆ. ‘ನಿನ್ನೆ ರಾತ್ರಿ ಇದರೊಳಗೆ ಯಾರ‍್ಯಾರು ಮಲಗಿದ್ದರು?’ ಎಂದು ಕೇಳಿದಾಗಲೇ ಐದು ವರ್ಷದೊಳಗಿನ ಮಗು ಒಳಗಿತ್ತೋ ಹೊರಗಿತ್ತೋ ತಿಳಿಯುವುದು. ರೋಗನಿರೋಧಕ ಶಕ್ತಿ ಇನ್ನೂ ಬಲಿಯದ ಆ ವಯಸ್ಸಿನವರನ್ನೇ ಮಲೇರಿಯಾ ಹೆಚ್ಚಾಗಿ ಕೊಲ್ಲುತ್ತದೆ.

ಮಕ್ಕಳ ಜೀವ ಉಳಿಯಿತೇ ಎಂದು ಅಳೆಯಲು ಮಾತ್ರ ಒಂದು ಮನೆಗೆ ಪರದೆ ಕೊಟ್ಟು ಪಕ್ಕದ ಮನೆಗೆ ಕೊಡದೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಪರದೆಗೆ ತಾಗಿ ಸತ್ತ ಸೊಳ್ಳೆ ಪಕ್ಕದ ಮನೆಯವರನ್ನೂ ಕಚ್ಚುವುದಿಲ್ಲವಲ್ಲ! ಅದಕ್ಕೇ 1990ರ ದಶಕದಲ್ಲಿ ಕೀನ್ಯಾದ ಕಿಲಿಫಿ, ಘಾನಾದ ಉತ್ತರ ಭಾಗ ಮುಂತಾದೆಡೆ ನಡೆದ ದೊಡ್ಡ ಪ್ರಯೋಗಗಳಲ್ಲಿ ಮನೆಗಳ ಗುಂಪುಗಳನ್ನೇ ಚೀಟಿ ಎತ್ತಿದಂತೆ ಆರಿಸಲಾಯಿತು. ಇಂಥ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಪರದೆಯ ರಕ್ಷಣೆ ಪಡೆದ ಪ್ರತಿ 1000 ಮಕ್ಕಳಲ್ಲಿ ವರ್ಷಕ್ಕೆ ಐದಾರು ಜೀವ ಉಳಿದದ್ದು ಕಂಡುಬಂತು. ಈ ಅಂಕಿಯನ್ನು ಸಣ್ಣದೆನ್ನುವವರ ಜೊತೆ ನಾನು ಎಷ್ಟು ಹೊತ್ತು ಬೇಕಾದರೂ ವಾದಿಸಬಲ್ಲೆ.

ಪಶ್ಚಿಮ ಕೀನ್ಯಾದ ಅಸೆಂಬೋ ಪ್ರಯೋಗದಲ್ಲಿ, ಪರದೆಯಿದ್ದ ಊರುಗಳಿಂದ 300 ಮೀಟರ್ ಒಳಗಿದ್ದ, ಪರದೆಯಿಲ್ಲದ ಮನೆಗಳ ಮಕ್ಕಳಿಗೂ ರಕ್ಷಣೆ ಸಿಕ್ಕಿತ್ತು. ಆದ್ದರಿಂದಲೇ ಜ್ವರ ಬಂದ ಮಗುವಿನ ಮನೆಯನ್ನು ನಕ್ಷೆಯಲ್ಲಿ ಗುರುತಿಸುವಾಗ ಸುತ್ತಲಿನ ಯಾವ ಯಾವ ಮನೆಯಲ್ಲಿ ಪರದೆ ಕಟ್ಟಿದ್ದಾರೆ, ಎಲ್ಲಿ ಮಡಚಿಟ್ಟಿದ್ದಾರೆ ಎಂಬುದನ್ನೂ ನಾವು ಬರೆದುಕೊಳ್ಳುತ್ತೇವೆ.