ನಿಯಮ, ಹತೋಟಿ, ಬೆಲೆ: ಕಪ್ಪು ಲೇಖಕರ ವೈಜ್ಞಾನಿಕ ಕಾದಂಬರಿಗಳನ್ನು ನಾನು ಓದಿಸುವ ಬಗೆ

ಕಪ್ಪು ಲೇಖಕರ ವೈಜ್ಞಾನಿಕ ಮತ್ತು ಫ್ಯಾಂಟಸಿ ಕಾದಂಬರಿಗಳನ್ನು ಗುಂಪಿನಲ್ಲಿ ಓದಿಸುವಾಗ ನಾನು ಬಳಸುವ ಸಲಕರಣೆ ಒಂದು ಹಾಳೆ, ಅದರಲ್ಲಿ ಮೂರು ಅಂಕಣ. ಮೊದಲನೆಯದು ನಿಯಮ: ಕಥೆಯಲ್ಲಿ ನಡೆಯುವ ಅಸಾಧ್ಯ ಸಂಗತಿ ಯಾವಾಗ, ಹೇಗೆ ನಡೆಯುತ್ತದೆ. ಎರಡನೆಯದು ಹತೋಟಿ: ಅದರ ಲಗಾಮು ಯಾರ ಕೈಯಲ್ಲಿದೆ. ಮೂರನೆಯದು ಬೆಲೆ: ಅದಕ್ಕಾಗಿ ಯಾರ ಮೈ ನೋಯುತ್ತದೆ. ಈ ಹಾಳೆ ಯಾವ ವೈಜ್ಞಾನಿಕ ಕಥೆಗೂ ಒಗ್ಗುತ್ತದೆ ನಿಜ. ಆದರೆ ಇಲ್ಲಿ ಎರಡನೆಯ ಮತ್ತು ಮೂರನೆಯ ಅಂಕಣಗಳು ಮೊದಲ ಐವತ್ತು ಪುಟದೊಳಗೇ ತುಂಬಲು ಶುರುವಾಗುತ್ತವೆ. ಮನುಷ್ಯರ ಮೈಯನ್ನೇ ಆಸ್ತಿಯೆಂದು ದಾಖಲೆ ಬರೆದಿಟ್ಟ ಚರಿತ್ರೆಯಿಂದ ಹುಟ್ಟಿದ ಕಥೆಗಳಿವು. ಹಾಗಾಗಿ ಕಾಲಯಾನವಾಗಲಿ, ಅತಿಮಾನುಷ ಶಕ್ತಿಯಾಗಲಿ ಇವುಗಳಲ್ಲಿ ಬರಿಯ ಬೆರಗಾಗಿ ಬರುವುದಿಲ್ಲ.

ಮೊದಲ ಪುಸ್ತಕವಾಗಿ ನಾನು ಕೊಡುವುದು ಅಕ್ಟೇವಿಯಾ ಬಟ್ಲರ್ ಅವರ ‘ಕಿಂಡ್ರೆಡ್’ (1979). ಸುಮಾರು 260 ಪುಟ, ಸರಳ ಇಂಗ್ಲಿಷ್, ಚಿಕ್ಕ ವಾಕ್ಯಗಳು. ವೈಜ್ಞಾನಿಕ ಕಥೆ ಓದಿ ಅಭ್ಯಾಸವಿಲ್ಲದವರೂ ನಿಲ್ಲಿಸದೆ ಓದುತ್ತಾರೆ. 1976ರ ಲಾಸ್ ಏಂಜಲೀಸ್‌ನಲ್ಲಿರುವ ಡೇನಾ ಎಂಬ ಲೇಖಕಿ ಹತ್ತೊಂಬತ್ತನೇ ಶತಮಾನದ ಮೇರಿಲ್ಯಾಂಡ್‌ನಲ್ಲಿ ಗುಲಾಮರು ದುಡಿಯುವ ತೋಟವೊಂದಕ್ಕೆ ಮತ್ತೆ ಮತ್ತೆ ಸೆಳೆಯಲ್ಪಡುತ್ತಾಳೆ. ಹಾಳೆಯನ್ನು ಹೀಗೆ ತುಂಬಿಸಬೇಕು. ನಿಯಮ: ತೋಟದ ಒಡೆಯನ ಮಗ ರೂಫಸ್‌ನ ಪ್ರಾಣಕ್ಕೆ ಕುತ್ತು ಬಂದಾಗ ಡೇನಾ ಅಲ್ಲಿಗೆ ಹೋಗುತ್ತಾಳೆ, ತನ್ನ ಪ್ರಾಣವೇ ಹೋಗುತ್ತದೆಂದು ಅವಳಿಗೆ ಅನಿಸಿದಾಗ ಮನೆಗೆ ಮರಳುತ್ತಾಳೆ, ಆ ಗಳಿಗೆಯಲ್ಲಿ ಅವಳು ಹಿಡಿದುಕೊಂಡದ್ದು, ಅವಳನ್ನು ಹಿಡಿದುಕೊಂಡವರು ಜೊತೆಗೆ ಬರುತ್ತಾರೆ. ಹತೋಟಿ: ಕರೆಸಿಕೊಳ್ಳುವವನು ರೂಫಸ್, ಅದೂ ತನಗೇ ತಿಳಿಯದಂತೆ. ಬೆಲೆ: ಡೇನಾಳ ಎಡಗೈ. ಇದು ಗುಟ್ಟೇನಲ್ಲ, ಮುನ್ನುಡಿಯ ಪುಟದಲ್ಲೇ ಬಟ್ಲರ್ ಹೇಳಿಬಿಡುತ್ತಾರೆ.

ಇಲ್ಲಿ ಓದುಗರು ಸಾಮಾನ್ಯವಾಗಿ ಮುಗ್ಗರಿಸುವುದು ಕಾಲದ ಲೆಕ್ಕದಲ್ಲಿ. ಅಲ್ಲಿ ಕೆಲವು ಗಂಟೆ ಕಳೆದರೆ ಇಲ್ಲಿ ಕೆಲವೇ ನಿಮಿಷ, ಅಲ್ಲಿ ತಿಂಗಳುಗಳಾದರೆ ಇಲ್ಲಿ ಒಂದು ದಿನವೂ ಆಗಿರುವುದಿಲ್ಲ. ಡೇನಾಳ ಗಂಡ ಕೆವಿನ್ ಹಿಂದೆ ಉಳಿದುಬಿಟ್ಟಾಗ ಅವಳಿಗೆ ಮನೆಯಲ್ಲಿ ಎಂಟು ದಿನ ಕಳೆದರೆ ಅವನಿಗೆ ಅಲ್ಲಿ ಐದು ವರ್ಷ. ಇದಕ್ಕೆ ಒಂದು ಕಾಗದದ ಮೇಲೆ ಎರಡು ಅಡ್ಡಗೆರೆ ಎಳೆಯಿರಿ. ಮೇಲಿನದು 1976ರ ಜೂನ್ 9ರಿಂದ ಜುಲೈ 4ರವರೆಗೆ, ಅಂದರೆ ಡೇನಾಳ ಇಪ್ಪತ್ತಾರನೇ ಹುಟ್ಟುಹಬ್ಬದಿಂದ ಅಮೆರಿಕದ ಸ್ವಾತಂತ್ರ್ಯದ ಇನ್ನೂರನೇ ವರ್ಷದ ದಿನದವರೆಗೆ. ಕೆಳಗಿನ ಗೆರೆಯ ಮೇಲೆ ಎರಡು ಇಸವಿಗಳನ್ನು ಮೊದಲೇ ಗುರುತು ಹಾಕಿ: ಎರಡನೆಯ ಪಯಣದ 1815 ಮತ್ತು ಡೇನಾಳ ವಂಶದ ಅಜ್ಜಿ ಹೇಗರ್ ಹುಟ್ಟುವ 1831. ಆ ಎರಡನೆಯ ಇಸವಿಯೇ ಕಾದಂಬರಿಯ ಬಿಗಿ. ಹೇಗರ್ ಹುಟ್ಟಬೇಕಾದರೆ ರೂಫಸ್ ಬದುಕಿರಬೇಕು, ಮತ್ತು ಆಲಿಸ್ ಎಂಬ ಹೆಣ್ಣು ಅವನಿಗೆ ಸಿಕ್ಕಬೇಕು. ತನ್ನ ಹುಟ್ಟಿಗಾಗಿ ಡೇನಾ ಏನನ್ನು ಕಂಡೂ ಸುಮ್ಮನಿರಬೇಕಾಗುತ್ತದೆ ಎಂಬುದು ಗೆರೆ ಎಳೆದವರಿಗೆ ಬೇಗ ಹೊಳೆಯುತ್ತದೆ. ಅಧ್ಯಾಯಗಳ ಹೆಸರುಗಳೂ ನೆರವಿಗೆ ಬರುತ್ತವೆ: ನದಿ, ಬೆಂಕಿ, ಬೀಳುವಿಕೆ, ಜಗಳ, ಬಿರುಗಾಳಿ, ಹಗ್ಗ. ಒಂದೊಂದೂ ಒಂದೊಂದು ಪಯಣ.

ಡೇನಾ ಕಪ್ಪು ಹೆಣ್ಣು ಎಂಬುದನ್ನು ಮೊದಲ ಅಧ್ಯಾಯ ನೇರವಾಗಿ ಹೇಳುವುದಿಲ್ಲ. ಹಿಂಬದಿಯ ರಕ್ಷಾಪುಟ ಅದನ್ನು ಹೇಳಿಬಿಡುವುದರಿಂದ, ಮೊದಲ ಸಲ ಓದುವವರಿಗೆ ರಕ್ಷಾಪುಟ ಓದದೆ ಶುರುಮಾಡಲು ಹೇಳುತ್ತೇನೆ. ಬೀಕನ್ ಪ್ರಕಾಶನದ ಮುದ್ರಣದ ಕೊನೆಯಲ್ಲಿ ರಾಬರ್ಟ್ ಕ್ರಾಸ್ಲಿ ಅವರ ವಿಮರ್ಶಾ ಲೇಖನವಿದೆ, ಬಹಳ ಒಳ್ಳೆಯದು, ಅದನ್ನೂ ಕೊನೆಗೇ ಓದಿ. ಪಕ್ಕದಲ್ಲಿ ಫ್ರೆಡ್ರಿಕ್ ಡಗ್ಲಸ್ ಅವರ 1845ರ ಆತ್ಮಕಥೆ ಇರಲಿ. ‘ಕಿಂಡ್ರೆಡ್’ ನಡೆಯುವ ಟಾಲ್ಬಟ್ ಕೌಂಟಿಯಲ್ಲೇ ಡಗ್ಲಸ್ ಗುಲಾಮರಾಗಿ ಹುಟ್ಟಿದ್ದು. ಗುಲಾಮರಿಗೆ ಓದುಬರಹ ಕಲಿಸುವುದು ಆಗ ಎಂಥ ಅಪಾಯದ ಕೆಲಸವಾಗಿತ್ತೆಂಬುದಕ್ಕೆ ಆ ಪುಸ್ತಕವೇ ಸಾಕ್ಷಿ. ಓದು ಕಲಿಸಿದ ಡೇನಾಳಿಗೆ ಚಾಟಿಯೇಟು ಏಕೆ ಬೀಳುತ್ತದೆಂದು ಆಮೇಲೆ ಯಾರೂ ಕೇಳುವುದಿಲ್ಲ. ಅತ್ಯಾಚಾರ, ಚಾಟಿ, ಮಕ್ಕಳ ಮಾರಾಟ ಇವೆಲ್ಲ ಪುಸ್ತಕದಲ್ಲಿವೆ ಎಂದು ಗುಂಪಿಗೆ ಮೊದಲೇ ತಿಳಿಸಿ. ಗಟ್ಟಿಯಾಗಿ ಓದುವಾಗ ಕಪ್ಪು ಜನರನ್ನು ಹಳಿಯುವ ಪದ ಬಂದರೆ ಅದನ್ನು ಉಚ್ಚರಿಸದೆ ಒಂದು ಕ್ಷಣ ನಿಲ್ಲಿಸಿ ಮುಂದೆ ಹೋಗುವುದು ನಮ್ಮ ಪದ್ಧತಿ.

ಬಟ್ಲರ್ ಅವರ ಮುಂದಿನ ಪುಸ್ತಕ ಯಾವುದು ಎಂಬಲ್ಲಿ ಬಹಳ ಜನ ದಾರಿ ತಪ್ಪುತ್ತಾರೆ. ಪ್ಯಾಟರ್ನಿಸ್ಟ್ ಸರಣಿಯಲ್ಲಿ ಮೊದಲು ಅಚ್ಚಾದದ್ದು ‘ಪ್ಯಾಟರ್ನ್‌ಮಾಸ್ಟರ್’ (1976), ಆದರೆ ಕಥೆಯ ಕಾಲದಲ್ಲಿ ಅದೇ ಕೊನೆಯದು. ಅಚ್ಚಾದ ಕ್ರಮದಲ್ಲಿ ಹೋದವರು ಆ ಮೊದಲ ಪುಸ್ತಕದ ಒಣ ರಾಜಕೀಯ ಕಾದಾಟದಲ್ಲೇ ಕೈಬಿಡುತ್ತಾರೆ. ನಾನು ಶುರುಮಾಡಿಸುವುದು ‘ವೈಲ್ಡ್ ಸೀಡ್’ (1980) ಎಂಬುದರಿಂದ. ಅದು 1690ರ ಪಶ್ಚಿಮ ಆಫ್ರಿಕಾದಲ್ಲಿ ತೊಡಗಿ 1741, 1840 ಎಂದು ಮೂರು ಭಾಗಗಳಲ್ಲಿ ಸಾಗುತ್ತದೆ. ದೇಹದಿಂದ ದೇಹಕ್ಕೆ ನೆಗೆದು ಸಾವಿರಾರು ವರ್ಷ ಬದುಕಿರುವ ಡೋರೊ ವಿಶೇಷ ಶಕ್ತಿಯ ಜನರನ್ನು ಕೂಡಿಸಿ ತಳಿ ಬೆಳೆಸುತ್ತಾನೆ. ರೂಪ ಬದಲಿಸಬಲ್ಲ, ರೋಗ ವಾಸಿಮಾಡಬಲ್ಲ ಅನ್ಯಾನ್ವು ಅವನ ಎದುರು ನಿಲ್ಲುತ್ತಾಳೆ. ಹತೋಟಿಯ ಅಂಕಣ ಇಷ್ಟು ಭಯಂಕರವಾಗಿ ತುಂಬುವ ಪುಸ್ತಕ ಇನ್ನೊಂದು ನನಗೆ ಗೊತ್ತಿಲ್ಲ. ಅದಾದ ಮೇಲೆ ‘ಮೈಂಡ್ ಆಫ್ ಮೈ ಮೈಂಡ್’, ‘ಕ್ಲೇಸ್ ಆರ್ಕ್’, ಕಡೆಗೆ ‘ಪ್ಯಾಟರ್ನ್‌ಮಾಸ್ಟರ್’. ಈ ನಾಲ್ಕೂ ‘ಸೀಡ್ ಟು ಹಾರ್ವೆಸ್ಟ್’ ಎಂಬ ಒಂದೇ ಸಂಪುಟದಲ್ಲಿ ಸಿಗುತ್ತವೆ. ಐದನೆಯದಾದ ‘ಸರ್ವೈವರ್’ ಅನ್ನು ಬಟ್ಲರ್ ಮರುಮುದ್ರಣಕ್ಕೆ ಬಿಡಲಿಲ್ಲ. ಹಳೆಯ ಪ್ರತಿಗೆ ದುಬಾರಿ ಬೆಲೆ ಕೊಟ್ಟು ಕೊಳ್ಳುವ ಅಗತ್ಯವಿಲ್ಲ, ಅದಿಲ್ಲದೆ ಕಥೆ ಎಲ್ಲೂ ಕಡಿಯುವುದಿಲ್ಲ.

‘ಪ್ಯಾರಬಲ್ ಆಫ್ ದ ಸೋವರ್’ (1993) ಈಗ ಎಲ್ಲರ ಬಾಯಲ್ಲಿದೆ. ಲಾರೆನ್ ಒಲಮೀನಾ ಎಂಬ ಹುಡುಗಿಯ ದಿನಚರಿ 2024ರ ಜುಲೈ 20ರಂದು, ಅವಳ ಹದಿನೈದನೇ ಹುಟ್ಟುಹಬ್ಬದ ದಿನ, ಶುರುವಾಗುತ್ತದೆ. ಬೆಂಕಿ, ನೀರಿನ ಬರ, ಗೋಡೆ ಕಟ್ಟಿಕೊಂಡ ಬಡಾವಣೆಗಳು. ಎರಡನೆಯ ಭಾಗ ‘ಪ್ಯಾರಬಲ್ ಆಫ್ ದ ಟ್ಯಾಲೆಂಟ್ಸ್’ (1998) ಒಳಗೆ ಅಧ್ಯಕ್ಷ ಪದವಿಯ ಅಭ್ಯರ್ಥಿಯೊಬ್ಬ ಅಮೆರಿಕವನ್ನು ಮತ್ತೆ ಶ್ರೇಷ್ಠವಾಗಿಸುವ ಘೋಷಣೆ ಕೂಗುತ್ತಾನೆ. ಗುಂಪು ಅಲ್ಲಿಗೆ ಬಂದ ಕೂಡಲೇ ಭವಿಷ್ಯವಾಣಿಯ ಚರ್ಚೆ ಎದ್ದು, ಪುಸ್ತಕ ಮೂಲೆಗೆ ಸರಿಯುತ್ತದೆ. ಇದನ್ನು ತಡೆಯಲು ನಾನು ಕ್ಯಾಲಿಫೋರ್ನಿಯಾದ ರಸ್ತೆ ನಕ್ಷೆಯನ್ನು ಮೇಜಿನ ಮೇಲೆ ಹರಡುತ್ತೇನೆ. ಲಾಸ್ ಏಂಜಲೀಸ್ ಹೊರವಲಯದ ಕಾಲ್ಪನಿಕ ರೊಬ್ಲೆಡೊದಿಂದ ಹೊರಟು, 101ನೇ ಹೆದ್ದಾರಿ ಹಿಡಿದು ಉತ್ತರಕ್ಕೆ ನಡೆದು, ಹಂಬೋಲ್ಟ್ ಕೌಂಟಿಯ ಕರಾವಳಿ ಸೇರುವವರೆಗೆ ಅವರ ಹೆಜ್ಜೆಗಳನ್ನು ಪೆನ್ಸಿಲಿನಲ್ಲಿ ಗುರುತಿಸಿ. ಅಂಚಿನಲ್ಲಿ ನೀರು ಎಲ್ಲಿ ಸಿಕ್ಕಿತು, ಯಾರು ಗುಂಪಿಗೆ ಸೇರಿದರು, ರಾತ್ರಿ ಕಾವಲಿಗೆ ಯಾರು ಎದ್ದರು ಎಂದು ಬರೆಯಿರಿ. ಸಮುದಾಯವೊಂದು ಕೂಡಿಬರುವ ಬಗೆ ಹೀಗೆ ಕಣ್ಣಿಗೆ ಬೀಳುತ್ತದೆ, ಮತ್ತು ಬಟ್ಲರ್ ಅವರ ನಿಜವಾದ ಕಾಳಜಿ ಅದೇ ಎಂದು ನಾನು ದೃಢವಾಗಿ ನಂಬುತ್ತೇನೆ. ಬೆಲೆಯ ಅಂಕಣಕ್ಕೆ: ಬೇರೆಯವರ ನೋವನ್ನು ಕಂಡರೆ ಲಾರೆನ್ ಅದನ್ನು ತನ್ನ ಮೈಯಲ್ಲೇ ಉಣ್ಣುತ್ತಾಳೆ. ಆದ್ದರಿಂದ ಆತ್ಮರಕ್ಷಣೆಗೆ ಗುಂಡು ಹಾರಿಸಿದರೂ ಅವಳೇ ಕುಸಿಯುತ್ತಾಳೆ.

‘ಟ್ಯಾಲೆಂಟ್ಸ್’ ಓದುವಾಗ ಪ್ರತಿ ತುಣುಕಿನ ಪಕ್ಕ ಯಾರ ದನಿ ಎಂದು ಗುರುತು ಹಾಕಿ. ತಾಯಿಯ ದಿನಚರಿಯನ್ನು ಮಗಳು ಪ್ರಶ್ನಿಸುತ್ತಾ ಹೋಗುತ್ತಾಳೆ, ದನಿಗಳನ್ನು ಬೆರೆಸಿಕೊಂಡರೆ ಆ ವಾದ ಕೈತಪ್ಪುತ್ತದೆ. ಮೂರನೆಯ ಭಾಗಕ್ಕಾಗಿ ಅಂಗಡಿ ಅಲೆಯಬೇಡಿ. ಅದನ್ನು ಬಟ್ಲರ್ ಮುಗಿಸಲಿಲ್ಲ, 2006ರಲ್ಲಿ ತೀರಿಕೊಂಡರು.

ಎನ್. ಕೆ. ಜೆಮಿಸಿನ್ ಅವರ ‘ದ ಫಿಫ್ತ್ ಸೀಸನ್’ (2015) ಅನ್ನು ಬಟ್ಲರ್ ನಂತರವೇ ಕೊಡುತ್ತೇನೆ. ಇದು, ‘ದ ಒಬೆಲಿಸ್ಕ್ ಗೇಟ್’, ‘ದ ಸ್ಟೋನ್ ಸ್ಕೈ’ ಈ ಮೂರೂ 2016, 2017, 2018ರಲ್ಲಿ ಸಾಲಾಗಿ ಅತ್ಯುತ್ತಮ ಕಾದಂಬರಿಯ ಹ್ಯೂಗೊ ಪ್ರಶಸ್ತಿ ಪಡೆದವು. ಅದಕ್ಕೂ ಮೊದಲು ಒಬ್ಬರೇ ಲೇಖಕರು ಅದನ್ನು ಮೂರು ವರ್ಷ ಸತತವಾಗಿ ಪಡೆದದ್ದಿರಲಿಲ್ಲ. ಆದರೂ ಮೊದಲ ಅರವತ್ತು ಪುಟಗಳಲ್ಲಿ ಪುಸ್ತಕ ಕೆಳಗಿಡುವವರು ಬಹಳ. ಕಾರಣ ಮೂರು. ಎಸ್ಸುನ್ ಎಂಬವಳ ಅಧ್ಯಾಯಗಳು ‘ನೀನು’ ಎಂದು ಓದುಗರನ್ನೇ ಕರೆಯುವ ರೀತಿಯಲ್ಲಿವೆ. ಡಮಾಯಾ, ಸಯನೈಟ್ ಎಂಬ ಇನ್ನಿಬ್ಬರ ಕಥೆಗಳು ನಡುನಡುವೆ ಬರುತ್ತವೆ. ಹೊಸ ಪದಗಳು ವಿವರಣೆಯಿಲ್ಲದೆ ಸುರಿಯುತ್ತವೆ. ಪರಿಹಾರ ಸುಲಭ. ಮೂವರಿಗೆ ಮೂರು ಬಣ್ಣದ ಚೀಟಿ ಅಂಟಿಸಿಕೊಂಡು ಓದಿ, ಯಾರ ಅಧ್ಯಾಯವನ್ನೂ ಹಾರಿಸಬೇಡಿ. ಮೂವರ ಸಂಬಂಧವೇನೆಂದು ಇಲ್ಲಿ ಬರೆಯುವುದಿಲ್ಲ, ಗುಂಪಿನಲ್ಲೂ ಬಾಯಿ ಬಿಡಬೇಡಿ. ಕೊನೆಯಲ್ಲಿ ಎರಡು ಅನುಬಂಧಗಳಿವೆ. ಒಂದು ಹಿಂದಿನ ಮಹಾಪ್ರಳಯಗಳ ಪಟ್ಟಿ, ಇನ್ನೊಂದು ಪದಕೋಶ. ಇ-ಪುಸ್ತಕದಲ್ಲಿ ಓದುವವರಿಗೆ ಇವು ಇರುವುದೇ ಕಡೆಯವರೆಗೂ ತಿಳಿಯುವುದಿಲ್ಲ. ಪದಕೋಶದ ಪುಟವನ್ನು ತೆಗೆದು ಬುಕ್‌ಮಾರ್ಕ್ ಹಾಕಿದ ಮೇಲೆಯೇ ಮೊದಲ ಅಧ್ಯಾಯ.

ಅಧ್ಯಾಯಗಳ ಕೊನೆಯಲ್ಲಿ ಬರುವ ಚಿಕ್ಕ ಉದ್ಧರಣೆಗಳನ್ನು, ಅದರಲ್ಲೂ ಶಿಲಾಶಾಸನದಂಥ ಕಟ್ಟಳೆಗಳನ್ನು, ಅಲಂಕಾರವೆಂದು ಬಿಟ್ಟುಬಿಡುವುದು ಇನ್ನೊಂದು ತಪ್ಪು. ಆ ಲೋಕದ ಕ್ರೌರ್ಯಕ್ಕೆ ನ್ಯಾಯದ ಮುಖ ಕೊಡುವುದು ಆ ಸಾಲುಗಳೇ. ಹಾಳೆಯಲ್ಲಿ ನಿಯಮ: ಒರೊಜೀನ್‌ಗಳೆಂಬ ಜನ ಭೂಕಂಪವನ್ನು ತಣಿಸಬಲ್ಲರು, ಎಬ್ಬಿಸಬಲ್ಲರು, ಅದಕ್ಕೆ ಬೇಕಾದ ಶಕ್ತಿಯನ್ನು ಸುತ್ತಲಿನ ಶಾಖದಿಂದ ಸೆಳೆಯುತ್ತಾರೆ. ಪಳಗದವರ ಸುತ್ತ ಇದ್ದ ಜೀವಿಗಳು ಹೆಪ್ಪುಗಟ್ಟಿ ಸಾಯುತ್ತವೆ. ಹತೋಟಿ: ಅವರನ್ನು ಪಳಗಿಸುವ ಫಲ್ಕ್ರಮ್ ಎಂಬ ಸಂಸ್ಥೆ, ಅವರ ಮೇಲೆ ಕಾವಲಿರುವ ಗಾರ್ಡಿಯನ್‌ಗಳು. ನಾಲ್ಕು ಉಂಗುರದ (ಉಂಗುರ ಅಲ್ಲಿ ದರ್ಜೆಯ ಗುರುತು) ಸಯನೈಟ್‌ಳನ್ನು ಹತ್ತು ಉಂಗುರದ ಅಲಬಾಸ್ಟರ್ ಜೊತೆ ಬಂದರಿನ ಹವಳ ತೆಗೆಯಲು ಕಳಿಸುವಾಗಲೇ, ಅವನಿಂದ ಮಗು ಪಡೆಯಬೇಕೆಂದೂ ಸಂಸ್ಥೆ ಆಜ್ಞಾಪಿಸುತ್ತದೆ. ‘ವೈಲ್ಡ್ ಸೀಡ್’ ಓದಿದವರು ಇಲ್ಲಿ ತಟ್ಟನೆ ತಲೆ ಎತ್ತುತ್ತಾರೆ. ನಾನು ಇಟ್ಟ ಕ್ರಮದ ಉದ್ದೇಶವೂ ಅದೇ: ಡೋರೊ ಒಬ್ಬನೇ ಮಾಡುತ್ತಿದ್ದುದನ್ನು ಇಲ್ಲಿ ಒಂದು ವ್ಯವಸ್ಥೆ ಮಾಡುತ್ತದೆ.

ಕೆರಿಬಿಯನ್ ಕಡೆಗೆ ಹೋಗುವವರಿಗೆ ನಾಲೊ ಹಾಪ್ಕಿನ್ಸನ್ ಅವರ ‘ಮಿಡ್‌ನೈಟ್ ರಾಬರ್’ (2000). ಇಡೀ ನಿರೂಪಣೆ ಟ್ರಿನಿಡಾಡ್ ಮತ್ತು ಜಮೈಕಾದ ಆಡುಮಾತಿನಲ್ಲಿದೆ. ಗ್ರಹದ ಹೆಸರು ಟೂಸಾಂಟ್, ಅದನ್ನು ನೋಡಿಕೊಳ್ಳುವ ಯಂತ್ರಬುದ್ಧಿಯ ಹೆಸರು ಗ್ರ್ಯಾನಿ ನ್ಯಾನಿ. ಹೈಟಿಯ ಕ್ರಾಂತಿಕಾರಿ ಟೂಸಾಂಟ್ ಲೂವರ್ಚರ್ ಮತ್ತು ಗುಲಾಮಗಿರಿಯಿಂದ ತಪ್ಪಿಸಿಕೊಂಡು ನೆಲೆಸಿದ ಜಮೈಕಾದ ಮರೂನ್ ಜನರ ನಾಯಕಿ ನ್ಯಾನಿ ಇವರಿಬ್ಬರ ಬಗ್ಗೆ ಅರ್ಧ ಪುಟ ಓದಿಕೊಂಡು ಬಂದರೆ ಸಾಕು. ಕಣ್ಣಲ್ಲಿ ಓದಿದರೆ ಈ ಭಾಷೆ ಅಡ್ಡಗಾಲು ಹಾಕುತ್ತದೆ. ಮೈಸೂರಿನವರು ಹುಬ್ಬಳ್ಳಿಯ ಮಾತಿನ ಕಥೆಯನ್ನು ಗಟ್ಟಿಯಾಗಿ ಓದಿದಾಗ ಹೇಗೆ ಅರ್ಥ ತಾನಾಗಿ ಬಿಚ್ಚಿಕೊಳ್ಳುತ್ತದೋ ಹಾಗೆ ಇಲ್ಲೂ ಮೊದಲ ಇಪ್ಪತ್ತು ಪುಟವನ್ನು ಸರದಿಯಂತೆ ಗಟ್ಟಿಯಾಗಿ ಓದಿಸಿ, ನಿಘಂಟು ಮುಚ್ಚಿಡಿ. ಎಚ್ಚರಿಕೆ: ತಂದೆಯೇ ಮಗಳ ಮೇಲೆ ನಡೆಸುವ ಲೈಂಗಿಕ ದೌರ್ಜನ್ಯ ಇದರ ನಡುಭಾಗದಲ್ಲಿದೆ. ಶಾಲಾ ಮಕ್ಕಳ ಗುಂಪಿಗೆ ಇದು ಬೇಡ. ಅವರಿಗೆ ನ್ನೆಡಿ ಒಕೊರಾಫೋರ್ ಅವರ ‘ಬಿಂಟಿ’ (2015) ಸರಿ. ನೂರು ಪುಟಕ್ಕೂ ಕಡಿಮೆ, ಒಂದು ಮಧ್ಯಾಹ್ನಕ್ಕೆ ಮುಗಿಯುತ್ತದೆ. ನಮೀಬಿಯಾದ ಹಿಂಬಾ ಜನಾಂಗದ ಗಣಿತಜ್ಞೆ ಹುಡುಗಿ ಕೆಮ್ಮಣ್ಣಿನ ಲೇಪ ಬಳಿದುಕೊಂಡೇ ಬಾಹ್ಯಾಕಾಶದ ವಿಶ್ವವಿದ್ಯಾಲಯಕ್ಕೆ ಹೊರಡುತ್ತಾಳೆ. ಇದನ್ನು ‘ಆಫ್ರೋಫ್ಯೂಚರಿಸಂ’ (ಅಮೆರಿಕದ ಕಪ್ಪು ಜನರ ಅನುಭವದಲ್ಲಿ ಬೇರೂರಿದ ಭವಿಷ್ಯದ ಕಲ್ಪನೆ) ಎಂದು ಪರಿಚಯಿಸಬೇಡಿ. ಒಕೊರಾಫೋರ್ ತಮ್ಮ ಬರಹವನ್ನು ‘ಆಫ್ರಿಕನ್‌ಫ್ಯೂಚರಿಸಂ’ ಎಂದೇ ಕರೆಯುತ್ತಾರೆ, ಅದರ ಬೇರು ಅಮೆರಿಕದಲ್ಲಿಲ್ಲ, ಆಫ್ರಿಕಾದಲ್ಲಿದೆ.

ಟಾಡೆ ಥಾಂಪ್ಸನ್ ಅವರ ‘ರೋಸ್‌ವಾಟರ್’ ನೈಜೀರಿಯಾದ 2066ರ ಕಥೆ, 2019ರಲ್ಲಿ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿ ಪಡೆಯಿತು. ಇಲ್ಲಿ ಪ್ರತಿ ಅಧ್ಯಾಯದ ತಲೆಯಲ್ಲಿರುವ ಊರು ಮತ್ತು ಇಸವಿಯನ್ನು ಓದದೆ ಮುಂದೆ ಹೋದರೆ ಮುಗಿಯಿತು, ಹಿಂದುಮುಂದಿನ ಕಾಲಗಳು ಗೋಜಲಾಗುತ್ತವೆ. ಒಂದು ಚೀಟಿಯಲ್ಲಿ ಅಧ್ಯಾಯದ ಸಂಖ್ಯೆಯ ಎದುರು ಇಸವಿ ಬರೆದುಕೊಳ್ಳುತ್ತಾ ಹೋಗಿ.

ಕೋಲ್ಸನ್ ವೈಟ್‌ಹೆಡ್ ಅವರ ‘ದ ಅಂಡರ್‌ಗ್ರೌಂಡ್ ರೈಲ್‌ರೋಡ್’ (2016) ಪುಲಿಟ್ಜರ್ ಮತ್ತು ಕ್ಲಾರ್ಕ್ ಎರಡನ್ನೂ ಗೆದ್ದಿದೆ. ಗುಲಾಮರನ್ನು ಪಾರುಮಾಡುತ್ತಿದ್ದ ಗುಪ್ತ ಜಾಲ ಇದರಲ್ಲಿ ನಿಜವಾದ ಸುರಂಗ ರೈಲು. ಚರಿತ್ರೆ ಓದಿದವರು ಸೌತ್ ಕ್ಯಾರಲೈನಾ ಅಧ್ಯಾಯದ ಬಹುಮಹಡಿ ಕಟ್ಟಡ, ವೈದ್ಯಕೀಯ ಪ್ರಯೋಗ ಕಂಡು ಇಸವಿ ತಪ್ಪಾಗಿದೆ ಎನ್ನುತ್ತಾರೆ. ತಪ್ಪಲ್ಲ, ಅದೇ ಈ ಪುಸ್ತಕದ ನಿಯಮ: ಪ್ರತಿ ರಾಜ್ಯಕ್ಕೂ ಬೇರೆ ಕಾಲದ ಅನ್ಯಾಯವನ್ನು ತಂದು ಹಚ್ಚಿದ್ದಾರೆ. 1932ರಿಂದ 1972ರವರೆಗೆ ಅಲಬಾಮಾದ ಟಸ್ಕೀಗಿಯಲ್ಲಿ ಕಪ್ಪು ಗಂಡಸರ ಸಿಫಿಲಿಸ್‌ಗೆ ಚಿಕಿತ್ಸೆ ಕೊಡದೆ ನೋಡುತ್ತಾ ಕೂತ ಅಧ್ಯಯನವನ್ನು ಪಕ್ಕದಲ್ಲಿಟ್ಟರೆ ಆ ಅಧ್ಯಾಯ ಸ್ಪಷ್ಟವಾಗುತ್ತದೆ.

ಸ್ಯಾಮ್ಯುಯೆಲ್ ಡಿಲೇನಿ ಅವರನ್ನು ಕಡೆಗೆ ಇಡುತ್ತೇನೆ, ಕಾಲದಲ್ಲಿ ಅವರು ಬಟ್ಲರ್‌ಗಿಂತ ಮೊದಲಿನವರಾದರೂ. ‘ಬೇಬೆಲ್-17’ (1966) ಇಂದ ಹೊರಡಿ; ಶತ್ರುವಿನ ಆಯುಧವಾಗಿರುವ ಒಂದು ಭಾಷೆಯನ್ನು ಕವಯಿತ್ರಿಯೊಬ್ಬಳು ಬಿಡಿಸುವ ಕಥೆ, ವೇಗವಾಗಿ ಓಡುತ್ತದೆ. ಸುಮಾರು 800 ಪುಟಗಳ ‘ಡಾಲ್‌ಗ್ರೆನ್’ (1975) ಅರ್ಧ ವಾಕ್ಯದಿಂದ ಶುರುವಾಗಿ ಅರ್ಧ ವಾಕ್ಯದಲ್ಲಿ ನಿಲ್ಲುತ್ತದೆ. ಅಚ್ಚಿನ ದೋಷವೆಂದು ಪುಸ್ತಕ ಹಿಂದಿರುಗಿಸಬೇಡಿ. ಇದನ್ನು ಕಾಗದದಲ್ಲೇ ಓದಿ, ಏಕೆಂದರೆ ಕೊನೆಯ ಅಧ್ಯಾಯದಲ್ಲಿ ಮುಖ್ಯ ಪಠ್ಯದ ಪಕ್ಕದಲ್ಲೇ ಇನ್ನೊಂದು ಪಠ್ಯ ಅಂಕಣವಾಗಿ ಹರಿಯುತ್ತದೆ, ಚಿಕ್ಕ ಪರದೆಯಲ್ಲಿ ಎರಡೂ ಕಲಸಿಹೋಗುತ್ತವೆ. ವಾರಕ್ಕೆ ನಲವತ್ತು ಪುಟಕ್ಕಿಂತ ಹೆಚ್ಚು ಹಾಕಿಕೊಂಡ ಗುಂಪು ಇದರಲ್ಲಿ ದಣಿಯುತ್ತದೆ. ಉಳಿದ ಕಾದಂಬರಿಗಳಿಗೆ ಎಪ್ಪತ್ತು ಪುಟ ಸರಿಯಾದ ಅಳತೆ.

ಕೊಳ್ಳುವಾಗ ಮುಖಪುಟ ನೋಡಿ ಪಾತ್ರವನ್ನು ಊಹಿಸಬೇಡಿ. ಬಟ್ಲರ್ ಅವರ ‘ಡಾನ್’ (1987) ಕಾದಂಬರಿಯ ನಾಯಕಿ ಲಿಲಿತ್ ಕಪ್ಪು ಹೆಣ್ಣು, ಆದರೆ ಆ ದಶಕದ ಒಂದು ಮುದ್ರಣ ಅವಳನ್ನು ಬಿಳಿಯಳಾಗಿ ಚಿತ್ರಿಸಿತ್ತು. ಹಳೆಯ ಪ್ರತಿ ಕೈಗೆ ಬಂದರೆ ಗುಂಪಿಗೆ ಅದನ್ನೂ ತೋರಿಸಿ, ಪ್ರಕಾಶನ ಲೋಕದ ಬಗ್ಗೆ ಬೇರೆ ಉಪನ್ಯಾಸ ಬೇಕಾಗುವುದಿಲ್ಲ. ದುಡ್ಡು ಖರ್ಚು ಮಾಡುವ ಮೊದಲು ರುಚಿ ನೋಡಬೇಕೆನ್ನುವವರಿಗೆ ಡಬ್ಲ್ಯು. ಇ. ಬಿ. ಡುಬಾಯ್ಸ್ ಅವರ ‘ದ ಕಾಮೆಟ್’ (1920) ಇದೆ. ಧೂಮಕೇತುವಿನ ವಿಷಗಾಳಿಗೆ ನ್ಯೂಯಾರ್ಕ್ ಸತ್ತುಬಿದ್ದ ಮೇಲೆ ಉಳಿದ ಒಬ್ಬ ಕಪ್ಪು ಗಂಡಸು, ಒಬ್ಬ ಬಿಳಿಯ ಹೆಣ್ಣು ಇವರ ಸಣ್ಣ ಕಥೆ. ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಒಂದೇ ಕೂಟದಲ್ಲಿ ಓದಿ ಚರ್ಚಿಸಬಹುದು, ಮೂರು ಅಂಕಣಗಳ ಹಾಳೆಯನ್ನು ತುಂಬಿಸುವ ಅಭ್ಯಾಸಕ್ಕೂ ಅದೇ ತಕ್ಕದ್ದು.