ಭಾನುವಾರದ ಪ್ರಸಂಗ, ವಾರದ ನಡತೆ: ಯಾಕೋಬನ ಪತ್ರಿಕೆಯನ್ನು ನಾನು ಬೋಧಿಸಿದ ಬಗೆ

ಬೈಬಲಿನ ಹೊಸ ಒಡಂಬಡಿಕೆಯಲ್ಲಿರುವ ಯಾಕೋಬನ ಪತ್ರಿಕೆ, ಅಂದರೆ ಅವನ ಹೆಸರಿನ ಪತ್ರ, ಚಿಕ್ಕದು. ಐದು ಅಧ್ಯಾಯ, 108 ವಚನ. ನಿಧಾನವಾಗಿ, ಗಟ್ಟಿಯಾಗಿ ಓದಿದರೂ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಆದರೆ ಆ 108 ವಚನಗಳಲ್ಲಿ ಐವತ್ತಕ್ಕೂ ಹೆಚ್ಚು ಕಡೆ ಅವನು ‘ಮಾಡಿರಿ’, ‘ಮಾಡಬೇಡಿರಿ’ ಎಂದು ನೇರವಾಗಿ ಅಪ್ಪಣೆ ಕೊಡುತ್ತಾನೆ. ಇಂಥ ಪತ್ರಿಕೆಯನ್ನು ಬೋಧಿಸುವವನು ಸುಲಭವಾಗಿ ಎರಡರಲ್ಲಿ ಒಂದು ದಾರಿ ಹಿಡಿಯುತ್ತಾನೆ. ಒಂದೋ ವಾರವಾರವೂ ಬೈಯುತ್ತಾ ಹೋಗುತ್ತಾನೆ, ಇಲ್ಲವೇ ಎಲ್ಲವನ್ನೂ ‘ನಾವು ಒಳ್ಳೆಯವರಾಗಿರಬೇಕು’ ಎಂಬ ಮಾತಿಗೆ ಇಳಿಸಿ ಯಾರಿಗೂ ನೋವಾಗದಂತೆ ಮುಗಿಸುತ್ತಾನೆ. ಪ್ರಸಂಗವನ್ನು, ಅಂದರೆ ಭಾನುವಾರದ ಆರಾಧನೆಯ ಉಪದೇಶವನ್ನು, ಕೇಳಿದವರು ಮುಂದಿನ ಶನಿವಾರದೊಳಗೆ ಮಾಡಿ ಮುಗಿಸಬಹುದಾದ ಒಂದೇ ಒಂದು ಕೆಲಸವನ್ನು ಆ ದಿನದ ವಾಕ್ಯದಿಂದಲೇ ಹುಡುಕಿ ಕೊಡಬೇಕು, ಆಮೇಲೆ ಅದನ್ನು ಮರೆಯದೆ ವಿಚಾರಿಸಬೇಕು ಎಂಬ ನಿಯಮವನ್ನು ನಾನು ಇಟ್ಟುಕೊಂಡದ್ದು ಈ ಎರಡೂ ದಾರಿಗಳನ್ನು ತಪ್ಪಿಸುವುದಕ್ಕಾಗಿ.

ನಾನು ಸೇವೆ ಮಾಡುತ್ತಿದ್ದದ್ದು ಗದಗ ಜಿಲ್ಲೆಯ ಸಣ್ಣ ಊರೊಂದರ ದಕ್ಷಿಣ ಭಾರತ ಸಭೆಯ (ಸಿ.ಎಸ್.ಐ.) ಚರ್ಚಿನಲ್ಲಿ. ಸಭೆಯಲ್ಲಿ ಹೊಲವಿದ್ದವರೂ ಇದ್ದರು, ಅದೇ ಹೊಲಗಳಿಗೆ ಕೂಲಿಗೆ ಹೋಗುವವರೂ ಇದ್ದರು. ಶಾಲಾ ಶಿಕ್ಷಕರು, ದಾದಿಯರು, ನೇಕಾರರ ಕೆಲವು ಮನೆಗಳು ಇದ್ದವು. ನಮ್ಮ ಸಭೆಯಲ್ಲಿ ಪ್ರತಿ ಭಾನುವಾರಕ್ಕೂ ವಿಷಯ ಮತ್ತು ಓದಬೇಕಾದ ಬೈಬಲ್ ಪಾಠಗಳನ್ನು ಸಭೆಯ ಪಂಚಾಂಗದಲ್ಲಿ ಮೊದಲೇ ಗೊತ್ತುಮಾಡಿರುತ್ತಾರೆ. ಆದ್ದರಿಂದ ಒಂದೇ ಪತ್ರಿಕೆಯನ್ನು ಸಾಲಾಗಿ ಬೋಧಿಸುವ ವಿಚಾರವನ್ನು ಮೊದಲು ಸಭಾ ಸಮಿತಿಯ ಮುಂದಿಟ್ಟೆ. ಈಸ್ಟರ್ ಆದ ಐವತ್ತನೆಯ ದಿನದ ಪಂಚಾಶತ್ತಮ ಹಬ್ಬದ ನಂತರ ಬರುವ ಉದ್ದನೆಯ ಅವಧಿಯಲ್ಲಿ ಮಾತ್ರ ಹೀಗೆ ಮಾಡುವುದು, ಹಬ್ಬದ ಮತ್ತು ವಿಶೇಷ ದಿನಗಳ ಪಾಠಗಳನ್ನು ಮುಟ್ಟದಿರುವುದು ಎಂದು ತೀರ್ಮಾನವಾಯಿತು. ಮುಂಗಾರು ಬಿತ್ತನೆಯ ಹೊತ್ತಿಗೆ ಶುರುವಾದ ಪ್ರಸಂಗಗಳು ಹಿಂಗಾರು ಬಿತ್ತನೆಯ ಹೊತ್ತಿಗೆ ಮುಗಿಯುವಂತೆ ಹೊಂದಿದ್ದು ಆಕಸ್ಮಿಕ. ಆದರೆ ಐದನೆಯ ಅಧ್ಯಾಯಕ್ಕೆ ಬರುವಾಗ ಅದರಿಂದ ಬಹಳ ಪ್ರಯೋಜನವಾಯಿತು.

ತಯಾರಿಯ ಕ್ರಮ ಹೀಗಿತ್ತು. ಸೋಮವಾರ ಆ ವಾರದ ಭಾಗವನ್ನು, ಅದರ ಹಿಂದಿನ ಮುಂದಿನ ವಚನಗಳೊಡನೆ, ವ್ಯಾಖ್ಯಾನಗಳನ್ನು ತೆರೆಯದೆ ಹಲವು ಸಲ ಗಟ್ಟಿಯಾಗಿ ಓದುತ್ತಿದ್ದೆ. ಪತ್ರಿಕೆ ಮೊದಲು ತಲುಪಿದ್ದು ಕೇಳುವ ಕಿವಿಗಳಿಗೆ. ಕಣ್ಣಿನಲ್ಲಿ ಓದುವಾಗ ಜಾರಿಹೋಗುವ ಪುನರುಕ್ತಿಗಳು ಕಿವಿಗೆ ತಟ್ಟುತ್ತವೆ. ಮಂಗಳವಾರ ಮತ್ತು ಬುಧವಾರ ಮನೆ ಭೇಟಿಗೆ ಹೋಗುವಾಗ ಆ ವಚನಗಳು ತಲೆಯಲ್ಲಿ ಇರುತ್ತಿದ್ದವು, ಆದರೆ ಅವುಗಳ ಬಗ್ಗೆ ನಾನಾಗಿ ಮಾತೆತ್ತುತ್ತಿರಲಿಲ್ಲ. ಸಾಲ, ಸೊಸೆ, ಮಳೆ, ಮಗನ ಕೆಲಸ ಎಂದು ಜನ ಹೇಳಿಕೊಳ್ಳುವುದನ್ನು ಕೇಳುತ್ತಾ, ಯಾಕೋಬ ಈ ಮನೆಯ ಜಗಲಿಯಲ್ಲಿ ಕುಳಿತಿದ್ದರೆ ಯಾವ ಮಾತನ್ನು ಆಡುತ್ತಿದ್ದ ಎಂದು ಯೋಚಿಸುತ್ತಿದ್ದೆ. ವ್ಯಾಖ್ಯಾನಗಳ ಸರದಿ ಗುರುವಾರ. ಶುಕ್ರವಾರ ಇಡೀ ಪ್ರಸಂಗವನ್ನು ಕೈಯಲ್ಲಿ ಬರೆದು, ಶನಿವಾರ ಸಂಜೆ ಇಬ್ಬರು ಸಭಾಹಿರಿಯರಿಗೆ ಕೊನೆಯ ಭಾಗವನ್ನು ಮಾತ್ರ, ಅಂದರೆ ‘ಈ ವಾರ ನಾವು ಮಾಡಬೇಕಾದದ್ದು’ ಎಂಬ ಭಾಗವನ್ನು ಓದಿ ತೋರಿಸುತ್ತಿದ್ದೆ. ಇದು ನಡೆಯುವ ಮಾತೇ ಎಂದು ಅವರನ್ನು ಕೇಳುತ್ತಿದ್ದೆ. ಅನೇಕ ಸಲ ಅವರು ಅದನ್ನು ಇನ್ನೂ ಸಣ್ಣದು ಮಾಡಿಸಿದರು. ದೊಡ್ಡ ಅನ್ವಯ ಕೇಳಲು ಚೆನ್ನಾಗಿರುತ್ತದೆ, ಆದ್ದರಿಂದಲೇ ಅದನ್ನು ಯಾರೂ ಮಾಡುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಕೆಲಸಕ್ಕೆ ಇಷ್ಟು ಒತ್ತು ಕೊಡುವಾಗ ಕೃಪೆ ಎಲ್ಲಿ ಹೋಯಿತು ಎಂಬ ಪ್ರಶ್ನೆ ನಮ್ಮ ಸಭೆಯಲ್ಲಿ ಏಳದೆ ಇರುವುದಿಲ್ಲ, ಏಳಬೇಕು ಕೂಡ. 1834ರಲ್ಲಿ ಸ್ವಿಟ್ಜರ್ಲೆಂಡಿನಿಂದ ಮಂಗಳೂರಿಗೆ ಬಂದ ಪ್ರೊಟೆಸ್ಟಂಟ್ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರ ಬೋಧನೆಯಲ್ಲಿ ಬೆಳೆದ ಮನೆತನಗಳಿಗೆ ‘ನಂಬಿಕೆಯಿಂದಲೇ ರಕ್ಷಣೆ’ ಎಂಬುದು ತಾಯಿಹಾಲಿನೊಂದಿಗೆ ಬಂದ ಪಾಠ. ಪ್ರೊಟೆಸ್ಟಂಟ್ ಸುಧಾರಣೆಯ ಮುಂದಾಳು ಮಾರ್ಟಿನ್ ಲೂಥರ್ 1522ರಲ್ಲಿ ಹೊಸ ಒಡಂಬಡಿಕೆಯ ಜರ್ಮನ್ ಅನುವಾದಕ್ಕೆ ಬರೆದ ಮುನ್ನುಡಿಯಲ್ಲಿ ಇದೇ ಯಾಕೋಬನ ಪತ್ರಿಕೆಯನ್ನು ಹುಲ್ಲಿನ ಪತ್ರಿಕೆ, ಅಂದರೆ ಹೆಚ್ಚು ಸತ್ವವಿಲ್ಲದ್ದು, ಎಂದು ಕರೆದದ್ದನ್ನು ನಾನು ಸಭೆಯಿಂದ ಮುಚ್ಚಿಡಲಿಲ್ಲ. ಒಂದು ಭಾನುವಾರವನ್ನು ಇದಕ್ಕೇ ಮೀಸಲಿಟ್ಟೆ. ನಂಬಿಕೆಯಿಂದಲೇ ರಕ್ಷಣೆ ಎಂದು ಬರೆದ ಅಪೊಸ್ತಲ ಪೌಲನೂ ಯಾಕೋಬನೂ ಇಬ್ಬರೂ ಅಬ್ರಹಾಮನನ್ನೇ ಉದಾಹರಿಸುತ್ತಾರೆ, ಅಬ್ರಹಾಮ ದೇವರನ್ನು ನಂಬಿದ, ಅದು ಅವನ ಲೆಕ್ಕಕ್ಕೆ ನೀತಿಯೆಂದು ಎಣಿಸಲಾಯಿತು ಎನ್ನುವ ಆದಿಕಾಂಡ 15:6ನ್ನೇ ಇಬ್ಬರೂ ಎತ್ತಿಕೊಳ್ಳುತ್ತಾರೆ. ಪೌಲನ ಗಮನ ಸುನ್ನತಿಗೂ ಮುಂಚೆ ಅಬ್ರಹಾಮ ನಂಬಿದ ಗಳಿಗೆಯ ಮೇಲಿದೆ. ಯಾಕೋಬನ ಗಮನ ಬಹಳ ವರ್ಷಗಳ ಮೇಲೆ, 22ನೆಯ ಅಧ್ಯಾಯದಲ್ಲಿ, ಮಗ ಇಸಾಕನನ್ನು ಬಲಿಕೊಡಲು ಕರೆದುಕೊಂಡು ಬೆಟ್ಟ ಹತ್ತಿದ ಅಬ್ರಹಾಮನ ಮೇಲಿದೆ. ಒಬ್ಬ ನಂಬಿಕೆ ಹುಟ್ಟಿದ ದಿನವನ್ನು ಹೇಳಿದರೆ ಇನ್ನೊಬ್ಬ ಅದು ಬದುಕಿ ಬೆಳೆದದ್ದನ್ನು ಹೇಳುತ್ತಾನೆ ಎಂದು ನಾನು ವಿವರಿಸಿದೆ. ಇದಕ್ಕಿಂತ ಹೆಚ್ಚಾಗಿ ನನಗೆ ನೆರವಾದದ್ದು ಮೊದಲನೆಯ ಅಧ್ಯಾಯದ ಅನುಕ್ರಮ. ವಾಕ್ಯವನ್ನು ಕೇಳುವುದಷ್ಟೇ ಅಲ್ಲ, ಅದರಂತೆ ನಡೆಯಬೇಕು ಎಂಬ ಪ್ರಸಿದ್ಧ ಮಾತು ಬರುವುದು 22ನೆಯ ವಚನದಲ್ಲಿ. ಅದಕ್ಕೂ ಮೊದಲು, ಎಲ್ಲ ಒಳ್ಳೆಯ ದಾನವೂ ಮೇಲಣಿಂದ ಬರುತ್ತದೆಂದು 17ರಲ್ಲಿ, ದೇವರು ಸತ್ಯವಾಕ್ಯದಿಂದ ನಮ್ಮನ್ನು ಹುಟ್ಟಿಸಿದನೆಂದು 18ರಲ್ಲಿ, ಆ ವಾಕ್ಯ ನಮ್ಮೊಳಗೆ ಬೇರೂರಿದೆ ಎಂದು 21ರಲ್ಲಿ ಹೇಳಿಯಾಗಿದೆ. ಹುಟ್ಟಿದ ಮೇಲೆ ನಡೆಯುವುದು. ಮುಂದಿನ ಪ್ರತಿ ಪ್ರಸಂಗದಲ್ಲೂ, ಎರಡೇ ವಾಕ್ಯಗಳಲ್ಲಾದರೂ, 18ನೆಯ ವಚನವನ್ನು ಮುಟ್ಟದೆ ನಾನು ಅಪ್ಪಣೆಯ ಭಾಗಕ್ಕೆ ಹೋಗಲಿಲ್ಲ.

ಎರಡನೆಯ ಅಧ್ಯಾಯದ ಆರಂಭ ಸಭೆಯಲ್ಲಿ ಕೂರುವ ಜಾಗದ್ದು. ಚಿನ್ನದ ಉಂಗುರ ತೊಟ್ಟವನಿಗೆ ಒಳ್ಳೆಯ ಆಸನ, ಕೊಳೆ ಬಟ್ಟೆಯ ಬಡವನಿಗೆ ‘ಅಲ್ಲಿ ನಿಂತುಕೋ’ ಎಂಬ ಉಪಚಾರ. ಇದನ್ನು ಜಾತಿಯ, ಸಂಪತ್ತಿನ ದೊಡ್ಡ ಚರ್ಚೆಯಾಗಿ ಬೆಳೆಸುವುದು ಕಷ್ಟವಲ್ಲ, ಆ ಚರ್ಚೆ ಬೇಡವೆಂದೂ ನಾನು ಹೇಳುವುದಿಲ್ಲ. ಆದರೆ ಯಾಕೋಬ ಬೆರಳು ತೋರಿಸುವುದು ಬೆಂಚಿನ ಕಡೆಗೆ. ನಮ್ಮಲ್ಲಿ ಮುಂದಿನ ಬೆಂಚುಗಳು ಯಾರವೆಂದು ಎಲ್ಲೂ ಬರೆದಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಸಭಾಹಿರಿಯರು ತಾವಾಗಿ ಮುಂದಿನ ಭಾನುವಾರದಿಂದ ಬಾಗಿಲ ಬಳಿಯ ಬೆಂಚುಗಳಲ್ಲಿ ಕುಳಿತು, ತಡವಾಗಿ ಬರುವ ಕೂಲಿಯವರನ್ನು ಕೈಹಿಡಿದು ಮುಂದೆ ಕಳಿಸಲು ಒಪ್ಪಿದರು. ಕೆಲವರಿಗೆ ಇದು ಹಿಡಿಸಲಿಲ್ಲ. ಮುಂದೆ ಕೂರಿಸಿದವರಿಗೂ ಮೊದಮೊದಲು ಮುಜುಗರವಾಯಿತು. ಒಬ್ಬ ಅಜ್ಜಿ ಎರಡು ವಾರ ಹಿಂದೆಯೇ ನಿಂತು, ಮೂರನೆಯ ವಾರ ಬಂದು ಕುಳಿತರು.

ಮೂರನೆಯ ಅಧ್ಯಾಯದ ನಾಲಿಗೆಯ ಭಾಗ ಎಲ್ಲರಿಗೂ ಪರಿಚಿತ: ಕುದುರೆಯ ಕಡಿವಾಣ, ಹಡಗಿನ ಚುಕ್ಕಾಣಿ, ಕಾಡನ್ನು ಸುಡುವ ಕಿಡಿ. ಚಿತ್ರಗಳು ಇಷ್ಟು ಚೆನ್ನಾಗಿರುವುದರಿಂದಲೇ ಬೋಧಕ ಅವುಗಳ ವರ್ಣನೆಯಲ್ಲಿ ಸಮಯ ಕಳೆದುಬಿಡುತ್ತಾನೆ. ಆ ಅಧ್ಯಾಯ ಶುರುವಾಗುವುದು ಬೋಧಕರಿಗೆ ಕಠಿಣ ತೀರ್ಪು ಇದೆ ಎಂಬ ಎಚ್ಚರಿಕೆಯಿಂದ. ಹಾಗಾಗಿ ನನ್ನಿಂದಲೇ ಆರಂಭಿಸಿ, ಒಂದು ವಾರ ಎದುರಿಗಿಲ್ಲದವರ ಬಗ್ಗೆ ಮಾತಾಡದಿರೋಣ ಎಂದು ಹೇಳಿದೆ. ಸ್ತ್ರೀಯರ ಕೂಟದಲ್ಲಿ ಇದಕ್ಕೆ ಬಂದ ಪ್ರತಿಕ್ರಿಯೆ ಬಹಳ ಪ್ರಾಮಾಣಿಕವಾಗಿತ್ತು. ‘ಹಂಗಾದ್ರ ಪ್ರಾರ್ಥನಿ ವಿಷಯ ಹೆಂಗ ಹೇಳೂದ್ರಿ?’ ಎಂದು ಒಬ್ಬರು ಕೇಳಿದರು. ಎಲ್ಲರೂ ನಕ್ಕರು, ಆದರೆ ಪ್ರಶ್ನೆ ಆಳವಾದದ್ದು. ಇಂಥವರ ಮಗಳಿಗಾಗಿ ಪ್ರಾರ್ಥಿಸಿರಿ ಎಂದು ವಾಟ್ಸಾಪ್ ಗುಂಪಿನಲ್ಲಿ ಬರುವ ಸಂದೇಶಗಳಲ್ಲಿ ಪ್ರಾರ್ಥನೆ ಎಷ್ಟು, ಸುದ್ದಿ ಎಷ್ಟು ಎಂದು ಅವರೇ ಚರ್ಚಿಸಿದರು. ಸಂಬಂಧಪಟ್ಟವರ ಒಪ್ಪಿಗೆಯಿಲ್ಲದೆ ಯಾರ ವಿಷಯವನ್ನೂ ಗುಂಪಿಗೆ ಹಾಕಬಾರದೆಂಬ ನಿಯಮ ಆ ಕೂಟದಿಂದಲೇ ಬಂತು. ನನ್ನ ಪ್ರಸಂಗದಲ್ಲಿ ಅದು ಇರಲಿಲ್ಲ.

ಅತ್ಯಂತ ಕಷ್ಟವಾದದ್ದೂ ಅತ್ಯಂತ ಫಲಕೊಟ್ಟದ್ದೂ ಐದನೆಯ ಅಧ್ಯಾಯದ ಕೂಲಿಯ ಮಾತು. ಹೊಲ ಕೊಯ್ದವರ ಕೂಲಿಯನ್ನು ಹಿಡಿದಿಟ್ಟುಕೊಂಡಿದ್ದೀರಿ, ಆ ಕೂಲಿಯೇ ಕೂಗುತ್ತಿದೆ, ಆ ಕೂಗು ಸೇನಾಧೀಶ್ವರನಾದ ಕರ್ತನ ಕಿವಿಗೆ ಮುಟ್ಟಿದೆ ಎಂದು ಯಾಕೋಬ ಹೇಳುತ್ತಾನೆ. ಇದು ಅವನ ಸ್ವಂತ ಸಿಟ್ಟಲ್ಲ. ಹಳೆಯ ಒಡಂಬಡಿಕೆಯ ಯಾಜಕಕಾಂಡದ 19ನೆಯ ಅಧ್ಯಾಯವನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ ಕೂಲಿಯವನ ಕೂಲಿ ಮರುದಿನದ ಬೆಳಗಿನವರೆಗೆ ನಿನ್ನ ಬಳಿ ಇರಬಾರದೆಂದು 13ರಲ್ಲಿ, ಮುಖದಾಕ್ಷಿಣ್ಯ ಕೂಡದೆಂದು 15ರಲ್ಲಿ, ಚಾಡಿ ಕೂಡದೆಂದು 16ರಲ್ಲಿ, ನೆರೆಯವನನ್ನು ನಿನ್ನಂತೆಯೇ ಪ್ರೀತಿಸಬೇಕೆಂದು 18ರಲ್ಲಿ ಸಿಗುತ್ತದೆ. ಯಾಕೋಬನ ಪತ್ರಿಕೆಯ ಅರ್ಧ ಭಾಗ ಆ ಒಂದು ಅಧ್ಯಾಯವನ್ನೇ ಎದುರಿಗಿಟ್ಟುಕೊಂಡು ಬರೆದಂತಿದೆ. ಧರ್ಮೋಪದೇಶಕಾಂಡ 24:15 ಇನ್ನೂ ಬಿಗಿ: ಹೊತ್ತು ಮುಳುಗುವುದರೊಳಗೆ ಕೊಡಬೇಕು, ಏಕೆಂದರೆ ಅವನು ಬಡವ, ಅದನ್ನೇ ನೆಚ್ಚಿಕೊಂಡಿದ್ದಾನೆ.

ಆಗ ಉಳ್ಳಾಗಡ್ಡಿ ಕೀಳುವ ಕಾಲ. ಪ್ರಸಂಗದ ಕೊನೆಯಲ್ಲಿ, ಈ ವಾರ ಆಳುಗಳಿಗೆ ಅವತ್ತಿನ ಕೂಲಿಯನ್ನು ಅವತ್ತೇ ಕೊಡೋಣ ಎಂದಷ್ಟೇ ಹೇಳಿದೆ. ಆರಾಧನೆ ಮುಗಿದ ಮೇಲೆ ಒಬ್ಬ ರೈತರು ನನ್ನನ್ನು ನಿಲ್ಲಿಸಿ, ‘ದಲಾಲಿ ಅಂಗಡಿಯವರು ನನಗ ರೊಕ್ಕ ಕೊಡೂದು ಎಂಟ ದಿವಸ ಆದಮ್ಯಾಲೆ ರೀ; ನಾ ಆಳಿಗೆ ಅವತ್ತ ಸಂಜೀಕ ಎಲ್ಲಿಂದ ತರ್ಲಿ, ಅಯ್ಯನವರ?’ ಎಂದರು. ಬೆಲೆ ಕುಸಿದ ವರ್ಷ ಅದು. ಅವರ ಮಾತಿನಲ್ಲಿ ನೆಪವಿರಲಿಲ್ಲ. ನಾನು ಉತ್ತರ ಕೊಡಲಿಲ್ಲ, ಅವರ ಮನೆಗೆ ಹೋದೆ. ಕೂಲಿಗೆ ಬರುತ್ತಿದ್ದ ಇಬ್ಬರು ಹೆಂಗಸರೂ ನಮ್ಮ ಸಭೆಯವರೇ ಆಗಿದ್ದರಿಂದ ಅವರೂ ಬಂದು ಕುಳಿತರು. ಅವರು ಹೇಳಿದ್ದು ಸರಳವಾಗಿತ್ತು: ಪೂರ್ತಿ ಕೂಲಿ ಅವತ್ತೇ ಸಿಗದಿದ್ದರೂ ಅಂಗಡಿಯ ಸಾಮಾನಿಗೆ ಆಗುವಷ್ಟು ಸಂಜೆ ಕೈಗೆ ಬರಬೇಕು, ಉಳಿದದ್ದು ಯಾವ ದಿನ ಎಂದು ಬಾಯಿಬಿಟ್ಟು ಹೇಳಬೇಕು, ಕೇಳಿಕೊಂಡು ಮನೆ ಬಾಗಿಲಿಗೆ ಬರುವಂತೆ ಮಾಡಬಾರದು. ರೈತರು ಅದಕ್ಕೆ ಒಪ್ಪಿ, ಮುಂದಿನ ಹಂಗಾಮಿಗೆ ಕೂಲಿಯ ಹಣವನ್ನು ಬೀಜ ಗೊಬ್ಬರದ ಲೆಕ್ಕದೊಡನೆ ಮೊದಲೇ ತೆಗೆದಿಡುವುದಾಗಿಯೂ ಹೇಳಿದರು. ವಾಕ್ಯದ ಅನ್ವಯವನ್ನು ಬೋಧಕ ಪೂರ್ತಿ ಮಾಡಿ ಕೊಡುವುದಕ್ಕಿಂತ, ಅದು ಯಾರ ಮೈಮೇಲೆ ಬೀಳುತ್ತದೆಯೋ ಅವರನ್ನೂ ಅದರಿಂದ ಯಾರಿಗೆ ನ್ಯಾಯ ಸಿಗಬೇಕೋ ಅವರನ್ನೂ ಒಂದೆಡೆ ಕೂರಿಸುವುದು ಲೇಸೆಂದು ನಾನು ಅಲ್ಲಿಂದ ಮುಂದೆ ಸದಾ ಭಾವಿಸಿದ್ದೇನೆ.

ವಿಚಾರಿಸುವ ಕೆಲಸ ಗುರುವಾರದ ಸಂಜೆ ಮನೆಕೂಟಗಳಲ್ಲಿ ನಡೆಯುತ್ತಿತ್ತು. ಇದು ಹೊಸತೇನಲ್ಲ. ಫಿಲಿಪ್ ಯಾಕೋಬ್ ಸ್ಪೇನರ್ ಎಂಬ ಲೂಥರನ್ ಸಭಾಪಾಲಕ 1670ರಲ್ಲಿ ಫ್ರಾಂಕ್‌ಫರ್ಟಿನ ತನ್ನ ಮನೆಯಲ್ಲಿ ಇಂಥ ಕೂಟಗಳನ್ನು ಆರಂಭಿಸಿದ. ಪ್ರಸಂಗ ಪಾಂಡಿತ್ಯ ಪ್ರದರ್ಶನಕ್ಕಲ್ಲ, ನಂಬಿಕೆಗೂ ಅದರ ಫಲಗಳಿಗೂ ಎಂದು 1675ರಲ್ಲಿ ಬರೆದ. ಅವನಿಂದ ಬೆಳೆದ, ಪಯಟಿಸಂ ಎಂದು ಕರೆಯುವ ಕ್ರೈಸ್ತ ಭಕ್ತಿಪಂಥದ ನೆಲದಲ್ಲೇ 1815ರಲ್ಲಿ ಬಾಸೆಲ್ ಮಿಷನ್ ಹುಟ್ಟಿದ್ದು, ಹಾಗಾಗಿ ನಮ್ಮ ಮನೆಕೂಟಗಳಿಗೆ ಈ ವಂಶಾವಳಿ ಇದೆ. ಕೂಟದಲ್ಲಿ ಕೇಳುತ್ತಿದ್ದದ್ದು ಎರಡೇ: ಭಾನುವಾರ ಹೇಳಿದ್ದನ್ನು ಮಾಡಲು ಹೊರಟಾಗ ಏನಾಯಿತು, ಅಡ್ಡ ಬಂದದ್ದು ಯಾವುದು. ತನ್ನ ವಿಷಯ ಮಾತ್ರ ಹೇಳಬೇಕು, ಬೇಡವೆನಿಸಿದವರು ಸುಮ್ಮನಿರಬಹುದು, ಎಷ್ಟು ಜನ ಮಾಡಿದರು ಎಂಬ ಲೆಕ್ಕ ಇಡುವಂತಿಲ್ಲ. ಲೆಕ್ಕ ಇಟ್ಟರೆ ಮಾಡದವರು ಬರುವುದನ್ನು ನಿಲ್ಲಿಸುತ್ತಾರೆ, ಮಾಡಿದವರು ಸಾಕ್ಷಿ ಹೇಳುವ ಉಮೇದಿನಲ್ಲಿ ಇದ್ದದ್ದಕ್ಕಿಂತ ಹೆಚ್ಚು ಹೇಳುತ್ತಾರೆ. ಅಕ್ಷರ ಬಾರದ ಹಿರಿಯ ಹೆಂಗಸರು ವಚನಗಳನ್ನು ಬಾಯಿಪಾಠ ಮಾಡಿಕೊಂಡು ಬರುತ್ತಿದ್ದರು. ಅಡ್ಡಿಗಳನ್ನು ಅವರಷ್ಟು ನಿಖರವಾಗಿ ಓದು ಬಲ್ಲವರು ಹೇಳಲಿಲ್ಲ.

ಆತ್ಮಿಕ ಬೆಳವಣಿಗೆಗೆ ಎಷ್ಟು ಕಾಲ ಬೇಕು ಎಂಬ ಪ್ರಶ್ನೆಗೆ ಯಾಕೋಬ ಕೊಡುವ ಉತ್ತರ, ಮೊದಲ ಮಳೆಗೂ ಕಡೆಯ ಮಳೆಗೂ ತಾಳ್ಮೆಯಿಂದ ಕಾಯುವ 5:7ರ ರೈತ. ಪಲೆಸ್ತೀನದಲ್ಲಿ ಮೊದಲ ಮಳೆ ಅಕ್ಟೋಬರ್ ನವೆಂಬರ್‌ನಲ್ಲಿ ಬಂದು ಉಳುಮೆ ಬಿತ್ತನೆ ಮಾಡಿಸುತ್ತದೆ, ಕಡೆಯ ಮಳೆ ಮಾರ್ಚ್ ಏಪ್ರಿಲ್‌ನಲ್ಲಿ ಬಂದು ಕಾಳು ತುಂಬಿಸುತ್ತದೆ. ನಡುವೆ ರೈತ ಕಾಯಬೇಕು. ಇದನ್ನು ವಿವರಿಸುವಾಗ ಎದುರಿಗೆ ಕುಳಿತವರು ಅದೇ ವಾರ ಎರೆಹೊಲದಲ್ಲಿ ಬಿಳಿಜೋಳ ಬಿತ್ತಿ ಬಂದವರು. ಹಿಂಗಾರಿನ ಜೋಳ ಹೆಚ್ಚಿನ ಮಳೆಯಿಲ್ಲದೆ ನೆಲದೊಳಗಿನ ಹಸಿಯಲ್ಲೇ ಬೆಳೆಯುತ್ತದೆಂದು ಅವರಿಗೆ ನಾನು ಹೇಳಬೇಕಾಗಿರಲಿಲ್ಲ. ಕಾಯುವುದೆಂದರೆ ಕೈಕಟ್ಟಿ ಕೂರುವುದಲ್ಲ, ನಡುವೆ ಎಡೆ ಹೊಡೆಯುವ ಕೆಲಸವಿದೆ ಎಂದು ಅವರೇ ಮನೆಕೂಟದಲ್ಲಿ ಸೇರಿಸಿದರು. ಆ ವಾರಕ್ಕೆ ನಾನು ಹೊಸ ಕೆಲಸ ಕೊಡಲಿಲ್ಲ. ಹಿಂದೆ ಕೊಟ್ಟವುಗಳಲ್ಲಿ ಅರ್ಧಕ್ಕೆ ಬಿಟ್ಟದ್ದೊಂದನ್ನು ಮತ್ತೆ ಎತ್ತಿಕೊಳ್ಳಿರಿ ಎಂದೆ.

ಈ ಪತ್ರಿಕೆಯನ್ನು ಹೀಗೆ ಬೋಧಿಸಲು ಹೊರಡುವ ಸಭಾಪಾಲಕರಿಗೂ ಉಪದೇಶಿಗಳಿಗೂ ನಾನು ಹೇಳುವ ವ್ಯಾವಹಾರಿಕ ಮಾತು ಇಷ್ಟು. ಮೊದಲನೆಯ ಅಧ್ಯಾಯಕ್ಕೆ ಅವಸರವಿಲ್ಲದೆ ಹಲವು ವಾರ ಕೊಡಿರಿ. ನಾಲ್ಕನೆಯ ಅಧ್ಯಾಯದ ‘ನಾಳೆ ಇಂಥ ಊರಿಗೆ ಹೋಗಿ ವ್ಯಾಪಾರ ಮಾಡುತ್ತೇವೆ’ ಎನ್ನುವವರ ಭಾಗವನ್ನು ವರ್ತಕರಿಗೆ ಮಾತ್ರ ಬಿಡದೆ ಮಕ್ಕಳ ಓದು ಮದುವೆಗಳ ಯೋಜನೆ ಹಾಕುವ ತಂದೆತಾಯಿಗಳಿಗೂ ತಂದು ಮುಟ್ಟಿಸಿರಿ. ಕೂಲಿಯ ಭಾಗವನ್ನು ಬೋಧಿಸುವ ಮೊದಲು ಸಭೆಯ ಖಜಾಂಚಿಯೊಡನೆ ಕುಳಿತು, ಚರ್ಚಿನ ಕಸ ಗುಡಿಸುವವರಿಗೂ ಗಂಟೆ ಬಾರಿಸುವವರಿಗೂ ಸಂಬಳ ಯಾವ ತಾರೀಕಿಗೆ ಕೈಸೇರುತ್ತಿದೆ ಎಂದು ಪುಸ್ತಕ ತೆರೆದು ನೋಡಿರಿ. ನಾವು ನೋಡಿದಾಗ ಅದು ತಡವಾಗುತ್ತಿತ್ತು. ಸಮಿತಿ ತಿಂಗಳ ಮೊದಲ ಪಾವತಿಯಾಗಿ ಅದನ್ನೇ ಮಾಡಬೇಕೆಂದು ನಿರ್ಣಯ ಬರೆದ ಮೇಲೆಯೇ ನಾನು ಆ ಭಾನುವಾರದ ಪ್ರಸಂಗವನ್ನು ಬರೆಯಲು ಕುಳಿತದ್ದು.