ಕ್ಯಾನುಲಾದಿಂದ ಶುರುಮಾಡಿ: ನರ್ಸಿಂಗ್ ತರಗತಿಯಲ್ಲಿ ಪುರಾವೆ ಆಧಾರಿತ ಆರೈಕೆಯ ಪಾಠ

ಸಂಶೋಧನೆಯ ಪುರಾವೆ ನೋಡಿ ಆರೈಕೆ ನಿರ್ಧರಿಸುವ ಪಾಠವನ್ನು ಸಂಖ್ಯಾಶಾಸ್ತ್ರದಿಂದ ಶುರುಮಾಡಿದರೆ ಅರ್ಧ ತರಗತಿ ಅಲ್ಲೇ ಕೈಬಿಡುತ್ತದೆ. ವಾರ್ಡಿನ ರೂಢಿಯೊಂದನ್ನು ಎತ್ತಿಕೊಳ್ಳಿ: ಐವಿ ಕ್ಯಾನುಲಾವನ್ನು (ಔಷಧ, ದ್ರವ ಕೊಡಲು ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) 72–96 ಗಂಟೆಗೊಮ್ಮೆ ಬದಲಿಸಲೇಬೇಕೇ?

ನಾಲ್ಕೈದು ಜನರ ಗುಂಪಿಗೆ ಪಿಕೋ (PICO) ಪ್ರಶ್ನೆ, ಅಂದರೆ ನಾಲ್ಕು ಭಾಗದ ಪ್ರಶ್ನೆ, ಬರೆಸಿ. ರೋಗಿ: ದಾಖಲಾದ ವಯಸ್ಕರು. ಕ್ರಮ: ತೊಂದರೆ ಕಂಡಾಗಷ್ಟೇ ಬದಲಾವಣೆ. ಹೋಲಿಕೆ: ಗಡುವಿಗೆ ಬದಲಾವಣೆ. ಫಲಿತಾಂಶ: ಫ್ಲೆಬೈಟಿಸ್ (ರಕ್ತನಾಳದ ಉರಿಯೂತ), ರಕ್ತದ ಸೋಂಕು. ‘ಕ್ಯಾನುಲಾ ಆರೈಕೆ ಹೇಗೆ?’ ಎಂದು ಬರೆದವರಿಗೆ ಹಾಳೆ ವಾಪಸ್ ಕೊಡಿ. ಅಷ್ಟು ಸಡಿಲ ಪ್ರಶ್ನೆಗೆ ವೈದ್ಯಕೀಯ ಲೇಖನಗಳ ಹುಡುಕುತಾಣವಾದ ಪಬ್‌ಮೆಡ್ ರಾಶಿ ಸುರಿಯುತ್ತದೆ. ಮುಂಬೈ, ಪುಣೆಯ ತರಗತಿಯಲ್ಲಿ ಕನ್ನಡ ಶಾಲೆಯಿಂದ ಬಂದವರಿದ್ದರೆ ಪ್ರಶ್ನೆ ಮೊದಲು ಕನ್ನಡದಲ್ಲೇ ಇರಲಿ, ಹುಡುಕುವ ಪದಗಳು ಆಮೇಲೆ ಇಂಗ್ಲಿಷಿನಲ್ಲಿ.

ಹುಡುಕಾಟದಲ್ಲಿ ‘ಸಿಸ್ಟಮ್ಯಾಟಿಕ್ ರಿವ್ಯೂ’ (ಒಂದೇ ಪ್ರಶ್ನೆಯ ಅಧ್ಯಯನಗಳನ್ನೆಲ್ಲ ಕ್ರಮವಾಗಿ ಒಟ್ಟುಗೂಡಿಸಿದ ವಿಮರ್ಶೆ) ಫಿಲ್ಟರ್ ಮೊದಲು. ಇಂಥ ವಿಮರ್ಶೆಗಳನ್ನು ಹೊರತರುವ ಕಾಕ್ರೇನ್ ಸಂಸ್ಥೆಯ ವಿಮರ್ಶೆ ಸಿಗುತ್ತದೆ: ಎರಡು ಕ್ರಮಗಳ ನಡುವೆ ಸೋಂಕಿನಲ್ಲಿ ಸ್ಪಷ್ಟ ವ್ಯತ್ಯಾಸ ಕಂಡಿಲ್ಲ. ಸಾರಾಂಶಕ್ಕೇ ನಿಲ್ಲುವುದು ಎಲ್ಲರ ಚಟ. ರೋಗಿಗಳನ್ನು ಎರಡು ಕ್ರಮಗಳಿಗೆ ಹಂಚಿದ್ದು ಯಾದೃಚ್ಛಿಕವಾಗಿಯೇ (ಚೀಟಿ ಎತ್ತಿದಂತೆ), ಎಷ್ಟು ಜನ ನಡುವೆ ಬಿಟ್ಟರು, ಆ ರೋಗಿಗಳು ನಮ್ಮವರಂತೆಯೇ ಎಂದು ಪೂರ್ಣ ಲೇಖನದಿಂದಲೇ ಉತ್ತರ ತೆಗೆಸಿ.

ರೋಗಿಯ ಇಷ್ಟವೂ ಪುರಾವೆಯ ಜೊತೆ ತೂಗಬೇಕು. ರೋಗಿ ಮರಾಠಿಯವರಾದರೆ ವಿದ್ಯಾರ್ಥಿ ಅದನ್ನು ಮರಾಠಿಯಲ್ಲೇ ಕೇಳಲಿ. ಪ್ರತಿ ಪಾಳಿಯಲ್ಲೂ ಚುಚ್ಚಿದ ಜಾಗ ನೋಡದ ವಾರ್ಡಿನಲ್ಲಿ ಗಡುವು ತೆಗೆಯುವುದು ಅಪಾಯ. ವಿದ್ಯಾರ್ಥಿ ತಾನಾಗಿ ಕ್ರಮ ಬದಲಿಸಬಾರದು; ವಾರ್ಡ್ ಸಿಸ್ಟರ್, ಸೋಂಕು ನಿಯಂತ್ರಣ ನರ್ಸ್ ಮುಂದೆ ಒಂದು ಪುಟದ ಟಿಪ್ಪಣಿ ಇಡಲಿ.